ಪ್ರಚಾರ ನಿಂತು ನಿಂತು ಹೋಗ್ತಾ ಇದ್ಯಾ? ಎಲ್ಲಿ ಸಿಕ್ಕಾಕೊಂಡಿದೆ ಅಂತ ಹುಡುಕೋ ಬಗೆ

ಏಪ್ರಿಲ್‌ನಲ್ಲಿ ದಿನಕ್ಕೆ ಮೂರು ಸ್ಟೇಟಸ್, ಮೇ ತಿಂಗಳಲ್ಲಿ ವಾರಕ್ಕೊಂದು, ಮಳೆ ಹಿಡಿದ ಮೇಲೆ ಸುದ್ದಿನೇ ಇಲ್ಲ, ಮತ್ತೆ ಚೌತಿ ಹತ್ರ ಬಂದಾಗ ಒಮ್ಮೆಲೇ ನೆನಪಾಗಿ ರಾತ್ರಿ ಹನ್ನೊಂದಕ್ಕೆ ಕೂತು ಪೋಸ್ಟರ್ ಮಾಡೋದು. ಸಿರ್ಸಿಯಲ್ಲಿ ನಮ್ಮ ಮನೆ ಹಪ್ಪಳ, ಉಪ್ಪಿನಕಾಯಿ ವ್ಯಾಪಾರದ ಮೊದಲ ಮೂರು ವರ್ಷದ ಪ್ರಚಾರ ಅಂದ್ರೆ ಇಷ್ಟೇ. ಕೇಳಿದವ್ರಿಗೆಲ್ಲ ಟೈಮ್ ಸಿಗಲ್ಲ ಮಾರಾಯ್ರೆ ಅಂತಿದ್ದೆ.

ತಮಾಷೆ ಏನಂದ್ರೆ ಇದಕ್ಕೆ ಮುಂಚೆ ನಾನು ಬಿಡದಿ ಕಡೆ ಕಾರಿನ ಬಿಡಿಭಾಗ ಮಾಡೋ ಫ್ಯಾಕ್ಟರಿಯಲ್ಲಿ ಆರು ವರ್ಷ ಇದ್ದವ. ಅಲ್ಲಿ ಮುಂದಿನ ಹಂತದವ್ರಿಂದ ಬೇಕು ಅನ್ನೋ ಕಾರ್ಡ್ ಬರದೆ ಒಂದು ಟ್ರೇ ಕೂಡ ಮುಂದೆ ಹೋಗ್ತಿರ್ಲಿಲ್ಲ, ಒಂದು ಪೀಸ್ ಕೆಟ್ಟದ್ದು ಬಂದ್ರೆ ಲೈನ್ ನಿಲ್ಸಿ ಸೂಪರ್‌ವೈಸರ್ ಓಡಿ ಬರ್ತಿದ್ರು. ಟೊಯೋಟಾದವ್ರ ಪದ್ಧತಿ ಅದು, ತೈಚಿ ಓನೋ ಅನ್ನೋ ಎಂಜಿನಿಯರ್ ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಕಟ್ಟಿದ್ದು, 1988ರಲ್ಲಿ ಜಾನ್ ಕ್ರಾಫ್ಸಿಕ್ ಅನ್ನೋರು ಅದಕ್ಕೆ ಲೀನ್ ಅಂತ ಹೆಸರಿಟ್ರು. ಊರಿಗೆ ಬಂದು ಹಪ್ಪಳ ಮಾರ್ಲಿಕ್ಕೆ ಕೂತಾಗ ಅದೆಲ್ಲ ಫ್ಯಾಕ್ಟರಿ ಗೇಟಲ್ಲೇ ಬಿಟ್ಟು ಬಂದಿದ್ದೆ.

ಆ ಪದ್ಧತಿಯಲ್ಲಿ ಮೂರು ಶಬ್ದ ಬರ್ತದೆ. ಮುಡಾ ಅಂದ್ರೆ ದಂಡ ಹೋಗೋದು, ಸುಮ್ನೆ ಹಾಳಾಗೋದು (ಮೈಸೂರಿನ ಸೈಟಿನ ಮುಡಾ ಅಲ್ಲ). ಮುರಾ ಅಂದ್ರೆ ಏರುಪೇರು. ಮುರಿ ಅಂದ್ರೆ ತಾಳಲಾರದ ಹೊರೆ, ಕನ್ನಡದಲ್ಲಿ ಓದಿದ್ರೂ ಅರ್ಥ ಹೆಚ್ಚುಕಮ್ಮಿ ಸರಿಯಾಗೇ ಕೂತ್ಕೊಳ್ತದೆ. ಎಲ್ರೂ ಮೊದಲು ದಂಡ ಖರ್ಚು ಹುಡುಕ್ತಾರೆ. ನಮ್ಮಂಥ ನಾಲ್ಕು ಕೈ ಇರೋ ವ್ಯಾಪಾರದಲ್ಲಿ ಮೊದಲು ಹುಡುಕ್ಬೇಕಾದ್ದು ಏರುಪೇರು, ಯಾಕಂದ್ರೆ ಒಂದು ವಾರ ಜೋರು ಒಂದು ವಾರ ಸೊನ್ನೆ ಆದಾಗ್ಲೇ ಜೋರಿನ ವಾರದಲ್ಲಿ ಹೊರೆ ಬೀಳೋದು, ಹೊರೆ ಬಿದ್ದಾಗ್ಲೇ ತಪ್ಪಾಗೋದು, ತಪ್ಪು ತಿದ್ದೋದ್ರಲ್ಲೇ ದಂಡ ಹೋಗೋದು.

ಕೆಳಗೆ ಲಕ್ಷಣ ಲಕ್ಷಣವಾಗಿ ಬರ್ದಿದ್ದೇನೆ. ನಿಮ್ಮದು ಯಾವುದೋ ಅಲ್ಲಿಗೇ ಹೋಗಿ, ಆದ್ರೆ ಮೊದಲನೆಯದನ್ನ ಎಲ್ರೂ ಮಾಡಿ.

ಶುರು ಮಾಡೋ ಮುಂಚೆ ಒಂದು ಎಚ್ಚರಿಕೆ

ದೋಷ ಎಲ್ಲಿದೆ ಅಂತ ಗೊತ್ತಾಗೋವರೆಗೆ ದುಡ್ಡು ಬಿಚ್ಬೇಡಿ. ದುಡ್ಡು ಕೊಟ್ಟು ಪೋಸ್ಟನ್ನ ಜಾಸ್ತಿ ಜನಕ್ಕೆ ತೋರ್ಸೋ ಬೂಸ್ಟ್ ಬಟನ್ ಒತ್ತೋದು, ತಿಂಗಳ ಪ್ಯಾಕೇಜಿಗೆ ಏಜೆನ್ಸಿ ಹಿಡಿಯೋದು, ಐದು ಸಾವಿರ ನಂಬರ್ ಇದೆ ತಗೊಳ್ಳಿ ಅನ್ನೋರ ಹತ್ರ ನಂಬರ್ ತಗೊಳ್ಳೋದು, ಮೂರೂ ಈಗ ಬೇಡ. ಕೊನೆಯದಂತೂ ಯಾವಾಗ್ಲೂ ಬೇಡ, ಗುರುತಿಲ್ಲದವ್ರಿಗೆ ರಾಶಿ ಮೆಸೇಜ್ ಹೋಗಿ ನಾಲ್ಕು ಜನ ರಿಪೋರ್ಟ್ ಹೊಡೆದ್ರೆ ವಾಟ್ಸಾಪ್ ನಂಬರೇ ಬಂದ್ ಆಗ್ಬಹುದು, ಹಳೇ ಗಿರಾಕಿಗಳ ಜೊತೆ ಇದ್ದ ದಾರಿನೂ ಹೋಯ್ತು. ಬೇಕಾಗೋ ಸಾಮಾನು ಇಷ್ಟೇ: ಗೋಡೆ ಕ್ಯಾಲೆಂಡರ್, ಎರಡು ಬಣ್ಣದ ಸ್ಕೆಚ್ ಪೆನ್ನು, ನಿಮ್ಮ ಫೋನು, ಅರ್ಧ ತಾಸು.

ಲಕ್ಷಣ 1: ಸೀಸನ್‌ನಲ್ಲಿ ಜೋರು, ಆಮೇಲೆ ತಿಂಗಳುಗಟ್ಲೆ ಸುದ್ದಿ ಇಲ್ಲ

ಕಳೆದ ಮೂರು ತಿಂಗಳ ಹಾಳೆ ತೆಗೀರಿ. ಪೋಸ್ಟ್ ಹಾಕಿದ ದಿನಕ್ಕೆ ಕೆಂಪು ಚುಕ್ಕಿ, ಆರ್ಡರ್ ಬಂದ ದಿನಕ್ಕೆ ನೀಲಿ ಚುಕ್ಕಿ. ಸ್ಟೇಟಸ್ 24 ಗಂಟೆಗೆ ಮಾಯ ಆಗ್ತದೆ, ಹಾಗಾಗಿ ನೆನಪಿಲ್ದಿದ್ರೆ ಗ್ಯಾಲರಿಯಲ್ಲಿ ಫೋಟೋದ ತಾರೀಕು ನೋಡಿ ಅಂದಾಜು ಮಾಡಿ, ಒಂದೆರಡು ಆಚೀಚೆ ಆದ್ರೆ ತೊಂದ್ರೆ ಇಲ್ಲ. ಇಟ್ಟಾದ ಮೇಲೆ ಸ್ವಲ್ಪ ದೂರ ನಿಂತು ನೋಡಿ.

ನೀಲಿ ಜಾಸ್ತಿ ಆದಲ್ಲೆಲ್ಲ ಕೆಂಪು ಕಾಣೆ ಆಗಿದ್ರೆ, ಅಂದ್ರೆ ಆರ್ಡರ್ ಬಂದ ಕೂಡ್ಲೇ ಪ್ರಚಾರ ನಿಂತಿದ್ರೆ, ಕೆಲಸ ಮಾಡೋ ಕೈ ಮತ್ತೆ ಫೋನ್ ಹಿಡಿಯೋ ಕೈ ಒಂದೇ ಅಂತ ಅರ್ಥ. ನಮ್ಮದು ಇದೇ. ಹಲಸಿನಕಾಯಿ ಹಪ್ಪಳದ ದಿನಗಳಲ್ಲಿ ಬೆಳಗ್ಗೆ ಐದರಿಂದ ತೊಳೆ ಬಿಡ್ಸೋದು, ಬೇಯ್ಸೋದು, ಬೀಸೋದು, ಬಿಸಿಲು ಇಳಿಯೋದ್ರೊಳಗೆ ಒಣಗ್ಸೋದು. ಅದ್ರ ನಡುವೆ ನಾನು ಫೋನ್ ಹಿಡ್ಕೊಂಡು ಆಂಗಲ್ ನೋಡ್ತಾ ನಿಂತ್ರೆ ಆಯಿ ಸುಮ್ನಿರ್ತಾಳ? "ತಮಾ, ಹಪ್ಪಳ ಮೊದ್ಲು ಒಣಗ್ಲೋ, ಫೋಟ ಆಮೇಲೆ ತೆಗ್ದ್ರೂ ಆಗ್ತು" ಅಂತಾಳೆ. ಆಮೇಲೆ ಅನ್ನೋದು ಜೂನ್ ತಿಂಗಳು. ಆಗ ಹಪ್ಪಳವೂ ಇಲ್ಲ ಬಿಸಿಲೂ ಇಲ್ಲ.

ಕೆಂಪು ನೀಲಿ ಎರಡೂ ಒಟ್ಟಿಗೆ ಕಾಣೆ ಆಗಿದ್ರೆ ಹೇಳ್ಲಿಕ್ಕೆ ಏನೂ ಇಲ್ಲ ಅನ್ನೋ ಸಮಸ್ಯೆ, ಇಲ್ಲಾ ಅರ್ಧಂಬರ್ಧ ಕೆಲಸ ಗುಡ್ಡೆ ಬಿದ್ದಿರ್ತದೆ, ಲಕ್ಷಣ 3 ನೋಡಿ. ಕೆಂಪು ಒಂದೇ ಸಮ ಇದ್ದು ನೀಲಿ ಮಾತ್ರ ಇಲ್ಲ ಅಂದ್ರೆ ಲಕ್ಷಣ 2 ಮತ್ತೆ 5.

ಮೊದಲನೇ ತರದ್ದಕ್ಕೆ ಪರಿಹಾರ ಜಾಸ್ತಿ ಕೆಲಸ ಮಾಡೋದ್ರಲ್ಲಿ ಇಲ್ಲ, ಕಮ್ಮಿ ಮಾಡೋದ್ರಲ್ಲಿದೆ. ಫ್ಯಾಕ್ಟರಿಯಲ್ಲಿ ಇದಕ್ಕೆ ಹೈಜುಂಕಾ ಅಂತಿದ್ರು, ಸಮ ಮಾಡೋದು ಅಂತ. ನಿಮ್ಮ ವರ್ಷದ ಅತಿ ಕೆಟ್ಟ ವಾರ ನೆನಪು ಮಾಡ್ಕೊಳ್ಳಿ. ಎರಡು ದಿನ ಕರೆಂಟಿಲ್ಲ, ಮನೇಲಿ ತಿಥಿ, ಒಬ್ಬರಿಗೆ ಜ್ವರ, ಕೊರಿಯರ್‌ನವ ಬಂದಿಲ್ಲ. ಆ ವಾರದಲ್ಲೂ ಎಷ್ಟು ಆಗ್ತಿತ್ತು? ಅಷ್ಟೇ ನಿಮ್ಮ ಅಳತೆ. ನಮಗೆ ಅದು ವಾರಕ್ಕೆ ಎರಡು ಸ್ಟೇಟಸ್, ಹದಿನೈದು ದಿನಕ್ಕೊಂದು ಬ್ರಾಡ್‌ಕಾಸ್ಟ್ (ವಾಟ್ಸಾಪಲ್ಲಿ ಒಂದೇ ಮೆಸೇಜ್ ಲಿಸ್ಟಿನ ಎಲ್ರಿಗೂ ಒಮ್ಮೆಲೇ ಕಳ್ಸೋದು). ಕೇಳಿದ್ರೆ ನಗು ಬರ್ತದೆ, ನನಗೂ ಬಂದಿತ್ತು, ಆದ್ರೆ ಒಳ್ಳೇ ವಾರದಲ್ಲಿ ಉತ್ಸಾಹ ಬಂತು ಅಂತ ಜಾಸ್ತಿ ಹಾಕ್ಲಿಕ್ಕಿಲ್ಲ, ಜಾಸ್ತಿ ಆದದ್ದು ಡಬ್ಬಿಗೆ ಹೋಗ್ಬೇಕು. ಮಳೆಗಾಲಕ್ಕೆ ಹಪ್ಪಳ ತುಂಬಿಡಲ್ವಾ ಹಾಗೆ. ಡಬ್ಬಿಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಇಡ್ಬೇಡಿ, ಹಪ್ಪಳದಷ್ಟು ಇವು ಬಾಳಲ್ಲ. ರೇಟು, ಸ್ಟಾಕು ಇರೋ ಪೋಸ್ಟ್ ಅಂತೂ ಡಬ್ಬಿಗೆ ಹಾಕ್ಲೇಬೇಡಿ, ಹುಳ ಬೀಳ್ತದೆ. ಹಪ್ಪಳ ಹೇಗೆ ಕರೀಬೇಕು, ಮುರುಗಲು (ಕೋಕಂ) ಸಿಪ್ಪೆ ಎಷ್ಟು ಹೊತ್ತು ನೆನೆಸ್ಬೇಕು, ಇಂಥವು ಯಾವಾಗ್ಲೂ ನಡೀತದೆ.

ಫೋಟೋ ತೆಗೆಯೋದನ್ನ ಬೇರೆ ಕೆಲಸ ಅಂತ ಇಟ್ಕೊಂಡಿದ್ರೆ ಅದನ್ನೂ ತೆಗೀರಿ. ನಾವು ಹಪ್ಪಳ ಒಣಗ್ಸೋ ಜಾಗದ ಪಕ್ಕ ಒಂದು ಕಂಬಕ್ಕೆ ಬಟ್ಟೆ ಪಿನ್ನು ಹೊಡ್ದು ಫೋನ್ ಸಿಕ್ಕಿಸೋ ಜಾಗ ಮಾಡಿದ್ವಿ. ಹಪ್ಪಳ ಮಗುಚ್ಲಿಕ್ಕೆ ಹೋಗುವಾಗ ಸಿಕ್ಸಿ ಒಂದು ನಿಮಿಷ ಓಡ್ಸೋದು, ವಾಪಸ್ ತರೋದು. ಆಯಿದೂ ತಕರಾರಿಲ್ಲ.

ಲಕ್ಷಣ 2: ಹಾಕ್ತಾ ಇದ್ದೇವೆ, ಯಾರಿಂದಲೂ ಉತ್ತರ ಇಲ್ಲ

ಮೊದಲು ಹೋಗ್ತಾ ಇದ್ಯಾ ನೋಡಿ. ಬ್ರಾಡ್‌ಕಾಸ್ಟ್ ಮೆಸೇಜನ್ನ ಒತ್ತಿ ಹಿಡಿದು ಇನ್ಫೋ ನೋಡಿದ್ರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಅಂತ ಬರ್ತದೆ. ಒಂದು ಲಿಸ್ಟಿಗೆ 256 ಜನ ಹಿಡೀತಾರೆ, ಆದ್ರೆ ನಿಮ್ಮ ನಂಬರ್ ಅವ್ರ ಫೋನಲ್ಲಿ ಸೇವ್ ಇಲ್ದಿದ್ರೆ ಅವ್ರಿಗೆ ಬ್ರಾಡ್‌ಕಾಸ್ಟ್ ಹೋಗೋದೇ ಇಲ್ಲ. ನಾವು ಎರಡು ವರ್ಷ ಇದು ಗೊತ್ತಿಲ್ದೇ ಕಳ್ಸಿದ್ದೇ ಕಳ್ಸಿದ್ದು, ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮುಟ್ಟೇ ಇರ್ಲಿಲ್ಲ. ಬೆಂಗಳೂರಿನ ಗಿರಾಕಿಗಳಿಗೆ ಹಪ್ಪಳ ಬೇಡವಾಯ್ತು ಅಂತ ಅಣ್ಣ ಬೇಜಾರು ಮಾಡ್ಕೊಂಡಿದ್ದು ಬೇರೆ. ಈಗ ಪ್ರತಿ ಪಾರ್ಸಲ್ಲಿಗೆ ಒಂದು ಚೀಟಿ ಹಾಕ್ತೇವೆ: ಈ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಹಪ್ಪಳ ಬಂದಾಗ ಹೇಳ್ತೇವೆ, ಬೇಡ ಅನ್ಸಿದ್ರೆ ಬೇಡ ಅಂತ ಕಳ್ಸಿ.

ತಲುಪಿದೆ, ಓದಿದ್ದಾರೆ, ಆದ್ರೂ ಸುಮ್ನಿದ್ದಾರೆ ಅಂದ್ರೆ ಸರಕಿನಲ್ಲೇ ದೋಷ, ಪೋಸ್ಟ್ ಅನ್ನೋ ಸರಕಿನಲ್ಲಿ. ಕೊನೆಯ ಹತ್ತು ಪೋಸ್ಟ್ ತೆಗೆದು ಒಂದೊಂದ್ರ ಎದುರೂ ಕೇಳಿ, ಇದ್ರಿಂದ ಗಿರಾಕಿಗೆ ಏನು ಗೊತ್ತಾಯ್ತು? ನಮ್ಮ ಹತ್ತರಲ್ಲಿ ಆರು ಹಬ್ಬದ ಶುಭಾಶಯ. ಯುಗಾದಿ, ರಾಮನವಮಿ, ಅಕ್ಷಯ ತೃತೀಯ, ಅತ್ತಿಗೆ ಒಂದೊಂದಕ್ಕೂ ಒಂದೊಂದು ತಾಸು ಕೂತು ಬಣ್ಣ ಹಾಕಿ ಮಾಡಿದ್ಲು. ಗಿರಾಕಿಗೆ ಅಂಥ ಶುಭಾಶಯ ದಿನಕ್ಕೆ ಐವತ್ತು ಬರ್ತದೆ. ಲೀನ್‌ನಲ್ಲಿ ಬೆಲೆ ಅಂದ್ರೆ ಗಿರಾಕಿ ಬೇಕು ಅಂದದ್ದಕ್ಕೆ ಮಾತ್ರ, ಉಳಿದದ್ದೆಲ್ಲ ಎಷ್ಟೇ ಚಂದ ಇರ್ಲಿ ಮುಡಾ ಲೆಕ್ಕಕ್ಕೇ ಹೋಗ್ತದೆ. ಅತ್ತಿಗೆಗೆ ಇದನ್ನ ಹೇಳಿದ ದಿನ ಸಂಜೆ ಚಾ ಸಿಗ್ಲಿಲ್ಲ, ಅದು ಬೇರೆ ವಿಷ್ಯ.

ಲಕ್ಷಣ 3: ಫೋನ್ ತುಂಬ ಅರ್ಧ ಮಾಡಿದ ವಿಡಿಯೋ

ಎಣಿಸಿ. ಶುರು ಮಾಡಿ ಮುಗಿಸದೇ ಇದ್ದದ್ದು ಎಷ್ಟು? ನನ್ನ ಫೋನಲ್ಲಿ 23 ಇತ್ತು. ಅಪ್ಪೆಮಿಡಿ ಕೊಯ್ಯೋದು, ಜೋನಿ ಬೆಲ್ಲ ಕಾಯ್ಸೋದು, ತೊಡದೇವು ಮಡಿಕೆ ಮೇಲೆ ಹೊಯ್ಯೋದು, ಎಲ್ಲದಕ್ಕೂ ಆಮೇಲೆ ಮ್ಯೂಸಿಕ್ ಹಾಕ್ಬೇಕು, ಆಮೇಲೆ ಅಕ್ಷರ ಹಾಕ್ಬೇಕು ಅಂತ ಇಟ್ಟದ್ದು. ಮೂರಕ್ಕಿಂತ ಜಾಸ್ತಿ ಇದ್ರೆ ನಿಮಗೆ ಐಡಿಯಾದ ಬರ ಅಲ್ಲ, ಮುಗಿಸೋ ಬರ.

ಪರಿಹಾರಕ್ಕೆ ಒಂದು ಪೈಸೆ ಬೇಡ. ಅಡುಗೆ ಮನೆ ಕಪಾಟಿನ ಬಾಗ್ಲಲ್ಲಿ ಮೂರು ಪಟ್ಟಿ ಎಳೀರಿ, ಮಾಡ್ಬೇಕು, ಮಾಡ್ತಾ ಇದ್ದೇವೆ, ಆಯ್ತು. ಹಳೇ ಮದುವೆ ಕಾಗದದ ಹಿಂಬದಿ ಕತ್ತರಿಸಿ ಚೀಟಿ ಮಾಡಿ. ನಡುವಿನ ಪಟ್ಟಿಯಲ್ಲಿ ಎರಡೇ ಚೀಟಿ, ಮೂರನೇದು ಹಾಕ್ಬೇಕಾದ್ರೆ ಒಂದನ್ನ ಮುಗಿಸ್ಬೇಕು ಇಲ್ಲಾ ಹರಿದು ಒಲೆಗೆ ಹಾಕ್ಬೇಕು. ಜಪಾನಿನವ್ರು ಕಾನ್ಬಾನ್ ಅನ್ನೋದು ಇದಕ್ಕೇ, ಶಬ್ದದ ಅರ್ಥ ಬೋರ್ಡು ಅಂತ ಅಷ್ಟೆ. ಅಮೆರಿಕದ ಸೂಪರ್‌ಮಾರ್ಕೆಟ್ಟಲ್ಲಿ ಗಿರಾಕಿ ಎತ್ಕೊಂಡು ಹೋದಷ್ಟೇ ಕಪಾಟಿಗೆ ವಾಪಸ್ ತುಂಬ್ತಾರಲ್ಲ, ಓನೋಗೆ ಅದೇ ದಾರಿ ತೋರ್ಸಿದ್ದು. ನಮ್ಮೂರ ಕಿರಾಣಿ ಅಂಗಡಿಯವ್ರು ಬೆಲ್ಲದ ಡಬ್ಬ ಖಾಲಿ ಆಗ್ತಾ ಬಂದಾಗ ತರ್ಸೋದೂ ಅದೇ ಲೆಕ್ಕ.

ನನ್ನ 23ರಲ್ಲಿ 19 ಅಳಿಸಿದೆ. ಎರಡು ದಿನ ಹೊಟ್ಟೆ ಉರೀತು, ಆಮೇಲೆ ಯಾವುದು ಅಳಿಸಿದ್ದು ಅಂತಲೇ ನೆನಪಿಲ್ಲ.

ಲಕ್ಷಣ 4: ಮಾಡಿದ್ದು ರೆಡಿ, ಹಾಕ್ಲಿಕ್ಕೆ ಮಾತ್ರ ಆಗ್ತಾ ಇಲ್ಲ

ಚೀಟಿ ಮೇಲೆ ಶುರು ಮಾಡಿದ ತಾರೀಕು, ಹಾಕಿದ ತಾರೀಕು ಬರೀರಿ, ಪಕ್ಕದಲ್ಲಿ ಕೈಯಲ್ಲಿ ನಿಜವಾಗಿ ಎಷ್ಟು ನಿಮಿಷ ಕೆಲಸ ಆಯ್ತು ಅಂತ. ನಮ್ಮ ಒಂದು ಪೋಸ್ಟಿಗೆ ಕೆಲಸ 40 ನಿಮಿಷ, ಹೊರಗೆ ಬೀಳ್ಲಿಕ್ಕೆ 11 ದಿನ. ಉಳಿದದ್ದೆಲ್ಲ ಹುಬ್ಬಳ್ಳಿಯಲ್ಲಿರೋ ಅಣ್ಣ ನೋಡ್ಲಿ ಅಂತ ಕಾದದ್ದು. ಅವ್ನಿಗೆ ಅಂಗಡಿ ಗಡಿಬಿಡಿ, ನಮಗೆ ಕೇಳ್ಲಿಕ್ಕೆ ಸಂಕೋಚ, ಮತ್ತೆ ದೊಡ್ಡವ್ನನ್ನ ಕೇಳದೇ ಹಾಕೋದು ಹೇಗೆ ಅಂತ.

ಇಂಥದ್ರಲ್ಲಿ ಕೆಲಸ ಬೇಗ ಮಾಡೋದು ಕಲಿತು ಪ್ರಯೋಜನ ಇಲ್ಲ, 40 ನಿಮಿಷವನ್ನ 20 ಮಾಡಿದ್ರೂ 11 ದಿನ 11 ದಿನವೇ. ಒಂದು ಸಲ ಕೂತು ಅಣ್ಣನ ಹತ್ರ ಕೇಳಿ ಒಂದು ಹಾಳೆ ಬರ್ಕೊಂಡ್ವಿ: ರೇಟ್ ಪಟ್ಟಿಯಲ್ಲಿ ಇದ್ದದ್ದೇ ಹಾಕೋದಾದ್ರೆ ಕೇಳ್ಬೇಡಿ, ಡಿಸ್ಕೌಂಟ್ ಇದ್ರೆ ಕೇಳಿ, ಬೇರೆಯವ್ರ ಹೆಸರು ಫೋಟೋ ಇದ್ರೆ ಕೇಳಿ, ಸಂಜೆ ಒಳಗೆ ಉತ್ತರ ಬಾರದಿದ್ರೆ ಹಾಕ್ಬಿಡಿ. ಮುಗೀತು.

ಲಕ್ಷಣ 5: ರೇಟ್ ಎಷ್ಟು ಅಂತ ಕೇಳ್ತಾರೆ, ಆಮೇಲೆ ಮಾಯ

ಇದು ನೋಡ್ಲಿಕ್ಕೆ ಪ್ರಚಾರದ ದೋಷದ ಹಾಗೆ ಕಾಣೋದೇ ಇಲ್ಲ, ಆದ್ರೆ ಜಾಸ್ತಿ ದುಡ್ಡು ಸೋರೋದು ಇಲ್ಲೇ. ಮೊದಲ ಚೆಕ್ ಬಿಟ್ಟಿ: ಕೊನೆಯ ಇಪ್ಪತ್ತು ಚಾಟ್ ತೆರೆದು ಗಿರಾಕಿ ಕೇಳಿದ ಮೊದಲ ಪ್ರಶ್ನೆ ಏನು, ನೀವು ಎಷ್ಟೊತ್ತಿಗೆ ಉತ್ತರ ಕೊಟ್ರಿ ಅಂತ ಬರೀರಿ. ಒಂದೇ ಪ್ರಶ್ನೆ ಐದಾರು ಸಲ ಬಂದಿದ್ರೆ ಅದ್ರ ಉತ್ತರ ಪೋಸ್ಟಲ್ಲೇ ಇರ್ಬೇಕಿತ್ತು. ರೇಟಿಗೆ ಮೆಸೇಜ್ ಮಾಡಿ ಅಂತ ಹಾಕೋರು ಯಾಕೆ ಹಾಗ್ ಮಾಡ್ತಾರೋ ನನಗಂತೂ ಅರ್ಥ ಆಗಲ್ಲ, ಅಂಗಡಿ ಬಾಗ್ಲು ಮುಚ್ಚಿಟ್ಟು ಬೇಕಾದ್ರೆ ಬಡೀರಿ ಅಂದ ಹಾಗೆ.

ವಾಟ್ಸಾಪ್ ಬಿಸಿನೆಸ್ಸಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ, 50 ತನಕ ಬರೆದಿಡ್ಬಹುದು, ಒಂದು ಓರೆಗೆರೆ ಒತ್ತಿದ್ರೆ ಬರ್ತದೆ. ಕ್ಯಾಟಲಾಗ್‌ನಲ್ಲಿ ಫೋಟೋ, ರೇಟು ಇಡ್ಬಹುದು. ಎರಡೂ ಬಿಟ್ಟಿ. ಹೆಚ್ಚಿನವ್ರಿಗೆ ಇಷ್ಟ್ರಲ್ಲೇ ಅರ್ಧ ಸರಿ ಹೋಗ್ತದೆ.

ಸರಿ ಹೋಗ್ಲಿಲ್ಲ ಅಂದ್ರೆ ಯಾಕೆ ಅಂತ ಐದು ಸಲ ಕೇಳೋ ಕೆಲಸ. ನಮ್ಮದು ಹೀಗೆ ಹೋಯ್ತು. ಮಣಿಪಾಲದ ಒಬ್ರು ಎರಡು ಕೆಜಿ ಹಪ್ಪಳ, ಎರಡು ಬಾಟ್ಲಿ ಉಪ್ಪಿನಕಾಯಿ ಕೇಳಿ ಕೊನೆಗೆ ತಗೊಳ್ಲಿಲ್ಲ. ಯಾಕೆ? ಕೊರಿಯರ್ ಚಾರ್ಜ್ ಎಷ್ಟು ಅಂತ ಹೇಳ್ಲಿಕ್ಕೆ ನಮಗೆ ಒಂದು ದಿನ ಹಿಡೀತು. ಯಾಕೆ? ಅತ್ತಿಗೆಗೆ ಗೊತ್ತಿರ್ಲಿಲ್ಲ, ನಾನು ತೋಟದಲ್ಲಿ ನೆಟ್‌ವರ್ಕ್ ಇಲ್ದಲ್ಲಿ ಇದ್ದೆ. ಅವಳಿಗೆ ಯಾಕೆ ಗೊತ್ತಿಲ್ಲ? ಚಾರ್ಜ್ ತೂಕದ ಮೇಲೆ, ಪಾರ್ಸಲ್ ತೂಕ ಪ್ಯಾಕ್ ಆದ್ಮೇಲೇ ಗೊತ್ತಾಗೋದು. ಯಾಕೆ? ಪ್ರತಿ ಸಲ ಬೇರೆ ಬೇರೆ ಡಬ್ಬ. ಯಾಕೆ? ಪೇಟೆಯಲ್ಲಿ ಅಂಗಡಿಯವ್ರು ಬಿಸಾಕಿದ ರಟ್ಟಿನ ಡಬ್ಬ ಬಿಟ್ಟಿ ಸಿಗ್ತದೆ ಅಂತ ತರ್ತಿದ್ವಿ.

ನೋಡಿ ಎಲ್ಲಿಂದ ಎಲ್ಲಿಗೆ ಹೋಯ್ತು. ಮೊದಲನೇ ಉತ್ತರಕ್ಕೇ ನಿಂತಿದ್ರೆ ಬೇಗ ರಿಪ್ಲೈ ಮಾಡು ಅಂತ ಅತ್ತಿಗೆಗೆ ಬೈದು ಸುಮ್ನಾಗ್ತಿದ್ವಿ. ಎರಡೇ ಸೈಜಿನ ಡಬ್ಬ ಅಳತೆ ಕೊಟ್ಟು ಮಾಡ್ಸಿದ್ವಿ, ಚಿಕ್ಕದ್ರಲ್ಲಿ ಏನೇನು ಹಿಡೀತದೆ, ದೊಡ್ಡದ್ರಲ್ಲಿ ಏನೇನು, ರಾಜ್ಯದೊಳಗೆ ಎಷ್ಟು ಹೊರಗೆ ಎಷ್ಟು, ಕಪಾಟಿಗೆ ಅಂಟಿಸಿದ್ವಿ. ಈಗ ಆಯಿನೂ ಫೋನಲ್ಲಿ ಹೇಳ್ತಾಳೆ.

ಲಕ್ಷಣ 6: ಒಂದೊಂದ್ ಕಡೆ ಒಂದೊಂದು ರೇಟು, ಒಂದೊಂದು ಟೈಮು

ಗೋಕರ್ಣ ಕಡೆ ಹೋಮ್‌ಸ್ಟೇ ಮಾಡೋರಲ್ಲಿ ಇದನ್ನ ಜಾಸ್ತಿ ನೋಡಿದ್ದೇನೆ. ಬೋರ್ಡಲ್ಲಿ ಒಂದು ನಂಬರು, ಇನ್‌ಸ್ಟಾದಲ್ಲಿ ಒಂದು, ಗೂಗಲ್ ಮ್ಯಾಪಲ್ಲಿ ಮಳೆಗಾಲದಲ್ಲೂ ತೆರೆದಿದೆ ಅಂತ, ಬಂದವ್ರು ನೆಂದ್ಕೊಂಡು ಗೇಟ್ ಹತ್ರ ನಿಂತು ಒಂದು ಸ್ಟಾರ್ ಕೊಟ್ಟು ಹೋಗೋದು. ಬೇರೆ ಯಾರ್ದಾದ್ರೂ ಫೋನಲ್ಲಿ ನಿಮ್ಮ ಹೆಸರು ಹುಡುಕಿ ನೋಡಿ, ನಿಮ್ಮ ಫೋನಲ್ಲಿ ಬೇಡ. ತಪ್ಪಿದ್ದನ್ನ ಅಲ್ಲೇ ತಿದ್ದಿ, ಗೂಗಲ್ ಪ್ರೊಫೈಲಲ್ಲಿ ರಜೆ ದಿನದ ಸಮಯ, ತಾತ್ಕಾಲಿಕವಾಗಿ ಮುಚ್ಚಿದೆ ಅಂತ ಎಲ್ಲ ಹಾಕ್ಲಿಕ್ಕೆ ಬರ್ತದೆ, ಬಿಟ್ಟಿ. ಆಮೇಲೆ ಒಂದೇ ಒಂದು ಹಾಳೆ ಇಟ್ಕೊಳ್ಳಿ, ರೇಟು ಬದಲಾದ್ರೆ ಮೊದಲು ಆ ಹಾಳೆಯಲ್ಲಿ ಬದಲಾಗ್ಬೇಕು, ಹಾಳೆ ಕೆಳಗೆ ಎಲ್ಲೆಲ್ಲಿ ಬದಲಿಸ್ಬೇಕು ಅನ್ನೋ ಪಟ್ಟಿ.

ಲಕ್ಷಣ 7: ಪೋಸ್ಟ್ ನೋಡಿ ಬರ್ತಾರೆ, ಮಾಲು ಖಾಲಿ

ಕಾರವಾರದಲ್ಲಿ ಮೀನು ಮಾರೋ ನನ್ನ ಗೆಳೆಯ ಒಬ್ಬ ಇದ್ದಾನೆ, ಬೆಳಗ್ಗೆ ಬಂಗಡೆ ಬಂದಿದೆ ಅಂತ ಸ್ಟೇಟಸ್ ಹಾಕ್ತಿದ್ದ, ಒಂಬತ್ತಕ್ಕೆ ಖಾಲಿ, ಮಧ್ಯಾಹ್ನ ಎರಡರ ತನಕ ಫೋನು. ಇಲ್ಲ ಅಂದ್ರೆ ಸಿಟ್ಟು, ನಾಳೆ ಅಂದ್ರೆ ನಾಳೆ ಏನು ಬರ್ತದೋ ಅವ್ನಿಗೇ ಗೊತ್ತಿಲ್ಲ. ಅದಕ್ಕಿಂತ ಕೆಟ್ಟದ್ದು ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟಿಗೆ ನಿಷೇಧ ಇದ್ದಾಗ್ಲೂ ಅಭ್ಯಾಸ ಬಲದಿಂದ ಹಳೇ ಫೋಟೋ ಹಾಕ್ತಿದ್ದ, ದಿನಾ ಹಾಕ್ಬೇಕು ಅಂತ ಯಾರೋ ಹೇಳಿದ್ರಂತೆ.

ದಿನಾ ಹಾಕೋದು ಶಿಸ್ತು ಅಂತ ಕಾಣ್ತದೆ, ಆದ್ರೆ ಮಾಲಿಗೂ ಪ್ರಚಾರಕ್ಕೂ ನಡುವೆ ಹಗ್ಗ ಇಲ್ದಿದ್ರೆ ಅದು ತಳ್ಳೋದು ಆಗ್ತದೆ. ಲೀನ್‌ನಲ್ಲಿ ಎಳೆಯೋದು, ಅಂದ್ರೆ ಮಾಲು ಇದ್ದಾಗ ಇದ್ದಷ್ಟಕ್ಕೇ ಪ್ರಚಾರ. ಈಗ ಅವನು ಐಸ್ ಪೆಟ್ಟಿಗೆ ಒಳಗೆ ಒಂದು ಕೆಂಪು ಗೆರೆ ಎಳೆದಿದ್ದಾನೆ, ಮೀನು ಆ ಗೆರೆಗಿಂತ ಕೆಳಗೆ ಹೋದ್ರೆ ಹುಡುಗ ಸ್ಟೇಟಸ್ ಅಳಿಸ್ತಾನೆ. ನಿಷೇಧದ ದಿನಗಳಲ್ಲಿ ಒಣಮೀನು, ಅದೂ ಭಾನುವಾರದ ಸಂತೆ ಮುಂಚೆ ಒಂದು ಸಲ. ನಮ್ಮ ಕಪಾಟಲ್ಲಿ ಕೆಳಗಿಂದ ಮೂವತ್ತನೇ ಪ್ಯಾಕೆಟ್ಟಿಗೆ ಕೆಂಪು ಕಾಗದ ಸುತ್ತಿರ್ತೇವೆ, ಅದು ಕೈಗೆ ಬಂತು ಅಂದ್ರೆ ಆ ಮಾಲಿನ ಪೋಸ್ಟ್ ಬಂದ್. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಮಾತ್ರ ಲೆಕ್ಕ ಬೇರೆ, ಆಗ ಜಾತ್ರೆಗೆ ಬೇರೆ ಕಪಾಟು, ಪಾರ್ಸಲ್ಲಿಗೆ ಬೇರೆ ಕಪಾಟು, ಇಲ್ಲಾಂದ್ರೆ ಎರಡೂ ಕಡೆ ಬೈಸ್ಕೊಳ್ಬೇಕು.

ಲಕ್ಷಣ 8: ದೂರು ಬರ್ತಾ ಇದೆ, ಪೋಸ್ಟೂ ಹೋಗ್ತಾ ಇದೆ

ಇಲ್ಲಿ ಮೊದಲು ಪೋಸ್ಟ್ ಹಾಕೋದು ನಿಲ್ಲಿಸಿ. ಪರೀಕ್ಷೆ ಆಮೇಲೆ.

ಒಂದು ಸಲ ಅಪ್ಪೆಮಿಡಿ ಬಾಟ್ಲಿ ಮುಚ್ಚಳ ಬೇರೆ ಕಡೆಯಿಂದ ತಂದಿದ್ವಿ, ಸೋರ್ತಿತ್ತು. ಮೊದಲ ದೂರು ಬಂದಾಗ ಕೊರಿಯರ್‌ನವ್ರು ಎತ್ತಾಕಿರ್ಬೇಕು ಅಂತ ಅಂದ್ಕೊಂಡ್ವಿ. ಒಂಬತ್ತು ದಿನ ಪೋಸ್ಟ್ ಹಾಕ್ತಾನೇ ಇದ್ವಿ, ಆರ್ಡರ್ ಬರ್ತಾನೇ ಇತ್ತು, ಸೋರೋ ಬಾಟ್ಲಿ ಹೋಗ್ತಾನೇ ಇತ್ತು. ಫ್ಯಾಕ್ಟರಿಯಲ್ಲಿ ನನ್ನ ತಲೆ ಮೇಲೇ ಒಂದು ಹಗ್ಗ ಇತ್ತು, ಆಂಡಾನ್ ದೀಪದ್ದು, ಎಳೆದ್ರೆ ದೀಪ ಹತ್ತಿ ಎಲ್ರೂ ಬರ್ತಿದ್ರು. ಆರು ವರ್ಷ ಆ ಹಗ್ಗದ ಕೆಳಗೆ ನಿಂತವ ಮನೆಯಲ್ಲಿ ಒಂಬತ್ತು ದಿನ ತಗೊಂಡೆ. ಈಗ ನಿಯಮ ಇದು: ಒಂದೇ ತರದ ಎರಡು ದೂರು ಬಂದ್ರೆ ಆ ಮಾಲಿನ ಪ್ರಚಾರ ನಿಲ್ಲಿಸೋದು, ಯಾರು ಬೇಕಾದ್ರೂ ನಿಲ್ಲಿಸ್ಬಹುದು, ಅಣ್ಣನ್ನ ಕೇಳ್ಬೇಕಿಲ್ಲ.

ಹಗ್ಗ ಊರಿನ ಸುದ್ದಿಗೂ ಬೇಕು. 2024ರ ಜುಲೈ 16ರಂದು ಅಂಕೋಲಾ ಹತ್ರ ಶಿರೂರಿನಲ್ಲಿ ಗುಡ್ಡ ಕುಸಿದು ಜನ ತೀರ್ಕೊಂಡ್ರು, ಹೆದ್ದಾರಿ ಬಂದ್ ಆಯ್ತು. ನಮ್ಮ ಫೇಸ್‌ಬುಕ್ ಪೇಜಲ್ಲಿ ಮುಂಚೆನೇ ಶೆಡ್ಯೂಲ್ ಮಾಡಿಟ್ಟ ಪೋಸ್ಟ್ ತಾನಾಗೇ ಹೋಯ್ತು, ಜೋರು ಮಳೆಗೆ ಗರಿಗರಿ ಹಪ್ಪಳ ಅಂತ. ಕುಮಟಾದ ಒಬ್ರು ಫೋನ್ ಮಾಡಿ ತೆಗೀರಿ ಇದನ್ನ ಅಂದ್ರು, ಅಷ್ಟೇ ಅಂದ್ರು. ಶೆಡ್ಯೂಲ್ ಇಡೋರು ದಿನಾ ಬೆಳಗ್ಗೆ ಒಮ್ಮೆ ಇವತ್ತು ಏನು ಹೋಗ್ತದೆ ಅಂತ ನೋಡಿ, ಮಳೆಗಾಲದಲ್ಲಂತೂ ತಪ್ಪಿಸ್ಬೇಡಿ.

ಇಲ್ಲಿ ನಿಲ್ಲಿಸಿ, ಬೇರೆಯವ್ರನ್ನ ಕರೀರಿ

ಅಕೌಂಟ್ ಕೈ ತಪ್ಪಿದ್ರೆ, ಓಟಿಪಿ ಯಾರಿಗೋ ಹೇಳ್ಬಿಟ್ರೆ, ದುಡ್ಡು ಹೋದ್ರೆ, ಸ್ವಂತ ಪ್ರಯೋಗ ಬೇಡ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಾಗಾಗೋ ಮುಂಚೆನೇ ವಾಟ್ಸಾಪಲ್ಲಿ ಎರಡು ಹಂತದ ಪಿನ್ ಹಾಕಿ. ಪೇಜಿನ ಅಡ್ಮಿನ್ ಕೆಲಸ ಬಿಟ್ಟು ಹೋದ ಹುಡುಗ ಒಬ್ನೇ ಆಗಿದ್ರೆ ಇವತ್ತೇ ಅವ್ನ ಜೊತೆ ಚೆನ್ನಾಗಿ ಮಾತಾಡಿ ನಿಮ್ಮ ಹೆಸರು ಸೇರ್ಸ್ಕೊಳ್ಳಿ, ಜಗಳ ಆದ್ಮೇಲೆ ಕಷ್ಟ.

ಯಾರಿಗಾದ್ರೂ ತಿಂದು ಹುಷಾರು ತಪ್ಪಿದೆ ಅಂದ್ರೆ ಆ ಬ್ಯಾಚಿನ ಪೂರ್ತಿ ಮಾರಾಟ ನಿಲ್ಲಿಸಿ, ಅವ್ರು ಡಾಕ್ಟರ ಹತ್ರ ಹೋಗೋ ಹಾಗೆ ನೋಡ್ಕೊಳ್ಳಿ, ಆಹಾರ ಸುರಕ್ಷತೆ ಇಲಾಖೆಯವ್ರ ಹತ್ರ ಮಾತಾಡಿ, ಬ್ಯಾಚಿನ ಒಂದೆರಡು ಬಾಟ್ಲಿ ಎತ್ತಿಡಿ.

ಇನ್ನೊಂದು, ಇದನ್ನ ನಮ್ಮ ಕಡೆ ಎಲ್ರೂ ಮಾಡ್ತಾರೆ. ಮುರುಗಲು ಕುಡಿದ್ರೆ ಬೊಜ್ಜು ಕರಗ್ತದೆ, ಜೇನುತುಪ್ಪದಿಂದ ಸಕ್ಕರೆ ಕಾಯಿಲೆ ಗುಣ ಅಂತೆಲ್ಲ ಹಾಕೋದು. ಆಹಾರದ ಜಾಹೀರಾತಲ್ಲಿ ರೋಗ ವಾಸಿ ಆಗ್ತದೆ ಅನ್ನೋ ಹಾಗಿಲ್ಲ, 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದ ತನಕ ದಂಡ ಇದೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ) ಕೊಡೋ 14 ಅಂಕಿ ನಂಬರ್ ಲೇಬಲ್ಲಲ್ಲಿ ಇಲ್ದಿದ್ರೆ ಮೊದಲು ಅದು, ಪ್ರಚಾರ ಆಮೇಲೆ. ಹಾಗೇ ಸಿರ್ಸಿ ಸುಪಾರಿಗೆ 2019ರಲ್ಲಿ ಜಿಐ (ಆ ಊರಿನ ಮಾಲಿಗೆ ಮಾತ್ರ ಸಲ್ಲೋ ಹೆಸರಿನ ಗುರುತು) ಬಂದಿದೆ, ಎಲ್ಲಿಂದಲೋ ತಂದ ಅಡಿಕೆಗೆ ಆ ಹೆಸರು ಹಚ್ಚಿ ಮಾರ್ಲಿಕ್ಕೆ ಹೋಗ್ಬೇಡಿ.

ದುಡ್ಡು ಕೊಟ್ಟು ಜಾಹೀರಾತು ಓಡ್ಸೋದಾದ್ರೆ ಮೇಲಿನ ಎಂಟೂ ನೋಡಿದ ಮೇಲೆ, ಅಕೌಂಟಲ್ಲಿ ಖರ್ಚಿನ ಮಿತಿ ಹಾಕಿ.

ಎಲ್ಲ ಸರಿ ಇದೆ, ಆದ್ರೂ ವ್ಯಾಪಾರ ಆಗ್ತಿಲ್ಲ

ಚುಕ್ಕಿ ಸಮ ಇದೆ, ಮೆಸೇಜ್ ತಲುಪ್ತಿದೆ, ಉತ್ತರ ಬೇಗ ಹೋಗ್ತಿದೆ, ಆರು ವಾರ ಆಯ್ತು. ಇನ್ನು ಫೋನಲ್ಲಿ ಹುಡುಕಿ ಸಿಗಲ್ಲ. ಓನೋ ಹೊಸಬ್ರನ್ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ವೃತ್ತದೊಳಗೆ ನಿಲ್ಲಿಸಿ ನೋಡ್ತಾ ಇರಿ ಅಂತ ಹೇಳಿ ಹೋಗ್ತಿದ್ರಂತೆ, ತಾಸುಗಟ್ಲೆ. ಮಾಲು ಮಾರೋ ಜಾಗದಲ್ಲಿ ನೀವೂ ಹಾಗೆ ನಿಲ್ಲಿ, ಮಾತಾಡ್ಬೇಡಿ, ಮಾರ್ಲಿಕ್ಕೂ ಹೋಗ್ಬೇಡಿ.

ನಾನು ಜಾತ್ರೆ ಸ್ಟಾಲಿನ ಪಕ್ಕ ಬಳೆ ಅಂಗಡಿಯವ್ನ ಸ್ಟೂಲ್ ಕೇಳಿ ತಗೊಂಡು ಒಂದು ಮಧ್ಯಾಹ್ನ ಕೂತಿದ್ದೆ. ಬಂದವ್ರು ಪ್ಯಾಕೆಟ್ ಎತ್ತೋರು, ಮುಂದೆ ನೋಡೋರು, ಹಿಂದೆ ತಿರುಗ್ಸೋರು, ಕಣ್ಣು ಕಿರಿದು ಮಾಡಿ ಏನೋ ಹುಡುಕೋರು, ವಾಪಸ್ ಇಡೋರು. ಹತ್ತು ಹದಿನೈದು ಜನ ಹೀಗೇ ಮಾಡಿದ ಮೇಲೆ ಎದ್ದು ಹೋಗಿ ಒಬ್ಬ ಅಜ್ಜಿಯನ್ನ ಕೇಳ್ದೆ, ಎಂತ ನೋಡ್ತಿದ್ರಿ ಅಂತ. ಯಾವಾಗ ಮಾಡಿದ್ದು ಅಂತ ತಾರೀಕು ಕಾಣ್ತಾ ಇಲ್ಲ ಅಂದ್ರು. ತಾರೀಕು ಇತ್ತು. ಪ್ಯಾಕೆಟ್ಟಿನ ಅಡಿ ಮಡಿಕೆ ಒಳಗೆ, ಚುಕ್ಕಿ ಚುಕ್ಕಿ ಅಕ್ಷರದಲ್ಲಿ.